ನೆರಳಿಗಾಗಿ ಹುಟ್ಟಿದ ಮಗಳು

ತಮಗೊಂದು ಪುಟ್ಟ ಕೂಸಿಲ್ಲವಲ್ಲ ಎಂಬ ಕೊರಗು ರಾಮಚಂದ್ರರಾಯರಿಗೆ ಹತ್ತಿದ್ದು ಐವತ್ತಾರನೇ ವಯಸ್ಸಿನಲ್ಲಿ, ಅದೂ ಸೂಪರ್ ಮಾರ್ಕೆಟ್ಟಿನ ಮುಂದೆ, ಸುಡುವ ಬಿಸಿಲಿನಲ್ಲಿ.

ಎರಡು ಸಾವಿರದ ಏಳನೇ ಇಸವಿಯ ಬೇಸಿಗೆ. ಕೋಲಾರದಲ್ಲಿ ‘ಸಮೃದ್ಧಿ ಸೂಪರ್ ಮಾರ್ಕೆಟ್’ ಆಗಷ್ಟೇ ಬಾಗಿಲು ತೆರೆದಿತ್ತು. ಅಲ್ಲಿ ಮಾವಿನಹಣ್ಣಿಗೆ ಒಂದೊಂದಕ್ಕೂ ಚೀಟಿ ಅಂಟಿಸಿ, ಕೂಸಿಗೆ ಟೋಪಿ ಹಾಕಿದಂತೆ ಬಲೆ ತೊಡಿಸಿ ಇಟ್ಟಿದ್ದರು. ಯಲ್ದೂರಿನ ಸೋದರಮಾವನ ತೋಟದಲ್ಲಿ ಪುಕ್ಕಟೆ ಹಣ್ಣು ತಿಂದು ಬೆಳೆದ ರಾಯರು ಅದರ ಬೆಲೆ ನೋಡಿ ಬೆಚ್ಚಿಬಿದ್ದರು. ಅದು ಮೊದಲನೇ ಆಘಾತ. ಎರಡನೆಯದು ಹೊರಗೆ ಕಾದಿತ್ತು.

ಮಾರ್ಕೆಟ್ಟಿನ ಮಾಲೀಕ ಯಾವುದೋ ದೇಶ ಸುತ್ತಿ ಬಂದವನಂತೆ. ಅಲ್ಲಿ ಕಂಡದ್ದನ್ನು ಇಲ್ಲಿಗೂ ತಂದುಬಿಟ್ಟ. ಕಾರು ನಿಲ್ಲಿಸುವ ಬಯಲಿನಲ್ಲಿದ್ದ ಒಂದೇ ಒಂದು ಹೊಂಗೆ ಮರದ ಕೆಳಗೆ ಹಳದಿ ಗೆರೆ ಎಳೆಸಿ, ದೊಡ್ಡದೊಂದು ಚಿಕ್ಕದೊಂದು ಗೊಂಬೆ ಬರೆಸಿ, ‘ಮಗುವಿನೊಂದಿಗೆ ಬರುವ ತಂದೆ ಅಥವಾ ತಾಯಿಯ ವಾಹನಕ್ಕೆ ಮಾತ್ರ’ ಎಂದು ಬೋರ್ಡು ನೆಡಿಸಿದ್ದ. ಮಿಕ್ಕವರೆಲ್ಲ ಬಯಲಿನಲ್ಲಿ ಬೇಯಬೇಕು.

ರಾಯರದು ಸೆಕೆಂಡ್ ಹ್ಯಾಂಡ್ ಮಾರುತಿ. ಅದಕ್ಕೆ ಎಸಿ ಇರಲಿಲ್ಲ. (ಇತ್ತು. ಹಿಂದಿನ ಯಜಮಾನ ಅದನ್ನು ಕಳಚಿಕೊಂಡು ಉಳಿದದ್ದನ್ನು ಮಾರಿದ್ದ.) ಬಿಸಿಲಲ್ಲಿ ನಿಂತ ಕಾರಿಗೆ ಹತ್ತಿ ಸ್ಟೇರಿಂಗ್ ಹಿಡಿದರೆ ಅಂಗೈ ಚುರ್ ಎನ್ನುತ್ತಿತ್ತು. ಸೀಟಿನ ಮೇಲೆ ಕೂತರೆ ಎಲ್ಲಿ ಚುರ್ ಎನ್ನುತ್ತಿತ್ತು ಎಂಬುದನ್ನು ರಾಯರು ಹೆಂಡತಿಗೂ ಹೇಳಿರಲಿಲ್ಲ. ಹಾಗಾಗಿ ಮೊದಲ ದಿನವೇ ಅವರು ಸೀದಾ ಹೊಂಗೆ ಮರದ ಕೆಳಗೆ ಕಾರು ನುಗ್ಗಿಸಿದರು. ಅಲ್ಲಿ ಪೀಪಿ ಕಚ್ಚಿಕೊಂಡು ನಿಂತಿದ್ದವನು ವಾಚ್‌ಮನ್ ದೊಡ್ಡವೆಂಕಟಪ್ಪ.

“ಮಗು ಎಲ್ಲಿ ಸಾರ್?”

“ಮನೇಲಿದಾಳೆ. ಬಿ.ಎಡ್. ಓದ್ತಿದಾಳೆ.”

“ಬಿ.ಎಡ್. ಓದೋ ಮಗೂಗೆ ಜಾಗ ಇಲ್ಲ ಸಾರ್. ಬಿಸಿಲಿಗೆ ಹಾಕಿ.”

“ಅಲ್ಲಯ್ಯಾ, ಇಷ್ಟು ಜಾಗ ಖಾಲಿ ಬಿದ್ದಿದೆ.”

“ಖಾಲಿ ಇದ್ರೆ ಖಾಲೀನೇ ಇರ್ಲಿ. ನಿನ್ನೆ ಒಬ್ರು ತಾತ ಮೊಮ್ಮಗೂನ ಎತ್ಕೊಂಡೇ ಬಂದ್ರು. ಬೋರ್ಡಲ್ಲಿ ತಾತ ಅಂತ ಬರೆದಿಲ್ಲ, ವಾಪಸ್ ಕಳಿಸ್ದೆ. ರೂಲ್ಸು ಅಂದ್ರೆ ರೂಲ್ಸು.”

ರಾಯರು ಬಿಸಿಲಿಗೆ ಹೋದರು. ಆದರೆ ಆ ನೆರಳು ಅವರ ಮನಸ್ಸಿನಿಂದ ಹೋಗಲಿಲ್ಲ.

ಆಮೇಲೆ ಬಂತು ಆ ಭಾನುವಾರ. ಬಿ.ಎಡ್. ಓದುತ್ತಿದ್ದ ಆ ಒಬ್ಬಳೇ ಮಗಳು ಮೃದುಲಾಳನ್ನು ನೋಡಲು ಮುಳಬಾಗಿಲಿನಿಂದ ಗಂಡಿನ ಕಡೆಯವರು ಬರುವವರಿದ್ದರು. ಹಿಂದೆ ಬಂದ ಸಂಬಂಧಗಳೆಲ್ಲ ಜಾತಕದ ಹೊಸ್ತಿಲಲ್ಲೇ ಎಡವಿ ಬಿದ್ದಿದ್ದವು. ಇದೊಂದು ಮಾತ್ರ ಜಾತಕ ಕೂಡಿ, ಫೋನಿನಲ್ಲಿ ಮಾತೂ ಕೂಡಿ ಬಂದಿತ್ತು. ಹುಡುಗ ವಂಶಿಕೃಷ್ಣನ ಫೋಟೋದಲ್ಲಿ ತಲೆತುಂಬ ಕೂದಲು, ಮುಖದಲ್ಲಿ ಮೀಸೆ. ಹುಡುಗನ ತಂದೆ ಅಶ್ವತ್ಥನಾರಾಯಣರನ್ನು ರಾಯರು ಇನ್ನೂ ಕಣ್ಣಾರೆ ಕಂಡಿರಲಿಲ್ಲ. ಫೋನಿನಲ್ಲಿ ಅವರ ದನಿ ಜೋನಿಬೆಲ್ಲ. “ನಮಗೆ ಏನೂ ಬೇಡ ರಾಯರೇ, ಮನೆತನ ಒಂದು ಶುದ್ಧವಾಗಿದ್ರೆ ಸಾಕು,” ಎಂದಿದ್ದರು. ನಾಲ್ಕೂವರೆಗೆ ರಾಹುಕಾಲ ಹುಟ್ಟುವುದರೊಳಗೆ ಹೆಣ್ಣು ನೋಡಿ ಮಾತು ಮುಗಿಸುವುದೆಂದು ನಿಶ್ಚಯವಾಗಿತ್ತು.

ಮಧ್ಯಾಹ್ನ ಊಟ ಮುಗಿಸಿ ರಾಯರು ಕಾಲು ಚಾಚುವಷ್ಟರಲ್ಲಿ ಅವರ ಹೆಂಡತಿ ಗಂಗರತ್ನಮ್ಮನಿಗೆ ಜ್ಞಾನೋದಯವಾಯಿತು.

“ರೀ, ಕೇಸರಿಬಾತಿಗೆ ಗೋಡಂಬಿ ಸಾಲಲ್ಲ. ಹೋಗಿ ತಂದ್ಬಿಡಿ.”

“ಈ ಬಿಸಿಲಲ್ಲಾ? ಕಾರು ಒಲೆ ಆಗಿರುತ್ತೆ ಕಣೇ.”

“ಗೋಡಂಬಿ ಇಲ್ದಿರೋ ಕೇಸರಿಬಾತು ತಿಂದು ಹೆಣ್ಣು ಒಪ್ಪಿದೋರನ್ನ ನೀವು ಎಲ್ಲಾದ್ರೂ ನೋಡಿದೀರಾ?”

ರಾಯರು ನೋಡಿರಲಿಲ್ಲ. ಎದ್ದು ಹೊರಗೆ ಬಂದರು. ಎದುರು ಮನೆಯ ಜಗಲಿಯ ಮೇಲೆ, ಬಳೆ ಅಂಗಡಿಯ ಜಾನ್ ಪಾಷಾನ ನಾಲ್ಕು ವರ್ಷದ ಮಗಳು ಸಿದ್ರಾ ಒಡೆದ ಬಳೆ ಜೋಡಿಸಿ ಆಡುತ್ತಿದ್ದಳು. ರಾಯರ ತಲೆಯೊಳಗೆ ದೀಪ ಹತ್ತಿತು. ಆ ಬೀದಿಯಲ್ಲಿ ಕಡ ತರುವುದು ಹೊಸದೇನಲ್ಲ. ಹೆಪ್ಪಿಗೆ ಮಜ್ಜಿಗೆ, ಒಬ್ಬಟ್ಟಿನ ಕಾವಲಿ, ಮದುವೆಯ ಜಮಖಾನ, ಎಲ್ಲವೂ ಮನೆಯಿಂದ ಮನೆಗೆ ಓಡಾಡಿಕೊಂಡಿದ್ದವು. ಪಾಷಾನ ಏಣಿಯಂತೂ ಅವನ ಮನೆಗಿಂತ ರಾಯರ ಮನೆಯಲ್ಲೇ ಹೆಚ್ಚು ಕಾಲ ಬಾಳಿತ್ತು.

“ಪಾಷಾ, ಸಿದ್ರಾನ ಒಂದರ್ಧ ಗಂಟೆ ಕೊಡ್ತೀಯೇನಪ್ಪಾ?”

“ತಗೊಂಡ್ಹೋಗಿ ಸಾರ್. ಏಣೀನೂ ಬೇಕಾ?”

ಒಳಗಿಂದ ಅವನ ಹೆಂಡತಿ ಹಜೀರಾ ಬಂದು ಮಗಳ ಮೂಗು ಒರೆಸಿ, ಜುಟ್ಟು ಕಟ್ಟಿ ಕಳಿಸಿದಳು. ಕಾರಿನಲ್ಲಿ ರಾಯರು ಪಾಠ ಶುರು ಮಾಡಿದರು.

“ಅಲ್ಲಿ ನನ್ನ ಅಂಕಲ್ ಅನ್ಬಾರ್ದು ಪುಟ್ಟಾ. ಅಪ್ಪ ಅನ್ಬೇಕು.”

“ಯಾಕೆ?”

“ಅಪ್ಪ ಅಂದ್ರೆ ಚಾಕ್ಲೇಟು.”

“ಎಷ್ಟೊತ್ತು ಅನ್ಬೇಕು?”

“ಚಾಕ್ಲೇಟು ಕೈಗೆ ಬರೋ ತನಕ ಅನ್ತಾ ಇರು.”

ಸಿದ್ರಾ ಮಾತು ಕೊಟ್ಟರೆ ಉಳಿಸಿಕೊಳ್ಳುವ ಮಗು. (ರಾಯರಿಗೆ ಇದು ಆಮೇಲೆ ಗೊತ್ತಾಯಿತು.)

ಹೊಂಗೆ ಮರದ ಕೆಳಗೆ ಒಂದೇ ಒಂದು ಜಾಗ ಉಳಿದಿತ್ತು. ರಾಯರು ಈ ಕಡೆಯಿಂದ ಮೂತಿ ತೂರಿಸುವುದಕ್ಕೂ ಆ ಕಡೆಯಿಂದ ಒಂದು ಬಿಳಿ ಇಂಡಿಕಾ ಮೂತಿ ತೂರಿಸುವುದಕ್ಕೂ ಸರಿಹೋಯಿತು. ಎರಡು ಕಾರುಗಳೂ ಹಳದಿ ಗೆರೆಯೊಳಗೆ ಅರ್ಧರ್ಧ ನಿಂತು ಮುಖಾಮುಖಿಯಾದವು. ಇಂಡಿಕಾದಿಂದ ಜರಿ ಶಲ್ಯದ ಹಿರಿಯರೊಬ್ಬರು ಇಳಿದರು. ಒಳಗೆ ಮುಂದಿನ ಸೀಟಿನಲ್ಲಿ ಮೀಸೆ ಬೋಳಿಸಿದ, ನೆತ್ತಿ ಮಿರುಗುವ ಒಬ್ಬ ಯುವಕ. ಹಿಂದಿನ ಸೀಟಿನಲ್ಲಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದ ಒಬ್ಬ ಹೆಂಗಸು.

“ಹಿಂದಕ್ಕೆ ತಗೊಳ್ರೀ. ನನ್ನ ಜೊತೆ ಮಗು ಇದೆ,” ಎಂದರು ರಾಯರು.

“ನನ್ನ ಜೊತೇನೂ ಇದೆ,” ಎಂದು ಹಿರಿಯರು ಯುವಕನ ಕಡೆ ಬೆರಳು ತೋರಿಸಿದರು.

“ಇದು ಮಗುನಾ? ತಲೇಲಿ ಕೂದಲಿಲ್ಲ.”

“ಹುಟ್ಟಿದಾಗ್ಲೂ ಇರ್ಲಿಲ್ಲ. ನಾನು ತಂದೆ, ಇವನು ನನ್ನ ಮಗ. ಬೋರ್ಡಲ್ಲಿ ವಯಸ್ಸು ಬರ್ದಿದಾರೇನ್ರೀ?”

ದೊಡ್ಡವೆಂಕಟಪ್ಪ ಬೋರ್ಡಿನ ಹತ್ತಿರ ಹೋಗಿ ಬೆರಳಿಟ್ಟು ಓದಿ ಬಂದ. ವಯಸ್ಸು ಬರೆದಿರಲಿಲ್ಲ. ಅವನ ಪೀಪಿ ಬಾಯಿಂದ ಜಾರಿ ಎದೆಯ ಮೇಲೆ ನೇತಾಡಿತು.

ಹಿರಿಯರಿಗೆ ಹುರುಪು ಬಂತು. “ಬುದ್ಧಿ ಬಲಿಯೋ ತನಕ ಮಗೂನೇ ಕಣಯ್ಯಾ. ಇವನಿಗೆ ಬುದ್ಧಿ ಎಲ್ಲಿ ಬಲಿತಿದೆ? ಷೂ ಲೇಸು ಕಟ್ಕೊಳ್ಳೋಕೂ ಬರಲ್ಲ, ದಿನಾ ನಾನೇ ಕಟ್ತೀನಿ.”

“ಅಪ್ಪಾ, ಬಿಸಿಲಲ್ಲೇ ನಿಲ್ಸೋಣ ನಡೀರಿ,” ಎಂದ ಯುವಕ, ನಾಚಿಕೆಯಿಂದ.

“ಕೇಳಿದ್ಯಾ? ಮಗೂ ಮಾತು,” ಎಂದರು ಹಿರಿಯರು ವಾಚ್‌ಮನ್‌ಗೆ. “ಅದಿರ್ಲಿ, ಆ ಹುಡುಗಿ ಇವರದ್ದೇ ಅಂತ ಏನು ಗ್ಯಾರಂಟಿ? ಇವರನ್ನ ನೋಡಿದ್ರೆ ತಾತನ ಥರ ಇದಾರೆ.”

ತಾತ ಎಂಬ ಮಾತು ಕಿವಿಗೆ ಬಿದ್ದದ್ದೇ ದೊಡ್ಡವೆಂಕಟಪ್ಪ ಪೀಪಿಯನ್ನು ಮತ್ತೆ ಬಾಯಿಗಿಟ್ಟ. ತಿಂಗಳಿಗೊಮ್ಮೆ ತಪ್ಪದೆ ತಲೆಗೆ ಬಣ್ಣ ಹಚ್ಚುವ ರಾಯರಿಗೆ ಮೈಯೆಲ್ಲ ಉರಿದುಹೋಯಿತು.

“ಯಾರ್ರೀ ತಾತ? ನನ್ನ ಸ್ವಂತ ಮಗಳು ಇವಳು.”

“ಈ ವಯಸ್ಸಲ್ಲಾ?”

“ಹೌದ್ರೀ, ಈ ವಯಸ್ಸಲ್ಲೇ. ನಿಮಗೇನು ಕಷ್ಟ?”

“ಮತ್ತೆ ಇವಳ ತಾಯಿಗೆ ಎಷ್ಟು ವಯಸ್ಸು?”

ರಾಯರ ಕಣ್ಣ ಮುಂದೆ ಆಗಷ್ಟೇ ಮಗಳ ಮೂಗು ಒರೆಸಿದ್ದ ಹಜೀರಾ ಬಂದು ನಿಂತಳು. “ಇಪ್ಪತ್ತೆಂಟು,” ಎಂದುಬಿಟ್ಟರು.

ಸುತ್ತ ಸೇರಿದ್ದ ಜನ ಇನ್ನಷ್ಟು ಹತ್ತಿರ ಸರಿದರು. ಇಂಡಿಕಾದ ಹಿಂದಿನ ಸೀಟಿನಲ್ಲಿ ಸೆರಗು ಬೀಸುವುದು ನಿಂತಿತು. ಅದೇ ಹೊತ್ತಿಗೆ ಸಿದ್ರಾ ಕಿಟಕಿಯಿಂದ ತಲೆ ಹಾಕಿ, “ಅಪ್ಪಾ, ಚಾಕ್ಲೇಟ್,” ಎಂದಳು.

“ಪಾಪ, ಬಾಯ್ತುಂಬ ಅಪ್ಪ ಅಂತಿದೆ,” ಎಂದ ದೊಡ್ಡವೆಂಕಟಪ್ಪ ಪೀಪಿ ಊದಿ ಇಂಡಿಕಾಕ್ಕೆ ಬಿಸಿಲಿನ ದಾರಿ ತೋರಿಸಿದ.

ಹಿರಿಯರು ಕಾರು ಹತ್ತುತ್ತ, “ನಿನ್ನಂಥೋನ ಮನೆ ಹೊಸ್ತಿಲನ್ನ ಮರ್ಯಾದಸ್ಥರು ಯಾರೂ ತುಳಿಯಲ್ಲ ಕಣಯ್ಯಾ,” ಎಂದರು.

“ನಿನ್ನ ಈ ಬೋಳು ಕೂಸಿಗೆ ಹೆಣ್ಣು ಕೊಡೋ ಮಾವ ಇನ್ನೂ ಹುಟ್ಟಿಲ್ಲ ಹೋಗಯ್ಯಾ,” ಎಂದರು ರಾಯರು.

ಗೆದ್ದ ಗತ್ತಿನಲ್ಲಿ ರಾಯರು ಗೋಡಂಬಿ ಕೊಂಡು, ತಂಪಾದ ಸೀಟಿನ ಮೇಲೆ ಮಹಾರಾಜರಂತೆ ಕೂತು ಮನೆಗೆ ಬಂದರು. ಚಾಕ್ಲೇಟು ಮರೆತೇಹೋಗಿತ್ತು.

ಪಂಚೆ ಉಟ್ಟು, ಹಣೆಗೆ ಗಂಧ ಇಟ್ಟುಕೊಂಡು ಕಾದು ಕೂತ ರಾಯರಿಗೆ ಬೀದಿಯಲ್ಲಿ ಕಾರಿನ ಸದ್ದು ಕೇಳಿಸಿತು. ಕಿಟಕಿಯಿಂದ ಇಣುಕಿದರು. ಬಿಳಿ ಇಂಡಿಕಾ. ಅದರಿಂದ ಜರಿ ಶಲ್ಯ ಇಳಿಯಿತು. ಹಿಂದೆಯೇ ನೆತ್ತಿ ಮಿರುಗಿತು. ಫೋಟೋ ತೆಗೆಸಿದ ಮೇಲೆ ಹುಡುಗನ ತಲೆಯ ಮೇಲೆ ಬಹಳ ನೀರು ಹರಿದುಹೋಗಿತ್ತು. ರಾಯರು ಅಡುಗೆಮನೆಗೆ ಓಡಿದರು.

“ಲೇ, ನನಗೆ ಜ್ವರ ಬಂದಿದೆ ಅನ್ನು. ನಾನು ಮಲಕ್ಕೊಂಡಿದೀನಿ.”

“ಏನ್ರೀ ನಿಮ್ಮ ಹುಚ್ಚಾಟ? ಬೀಗರು ಬಾಗಿಲಿಗೆ ಬಂದಿದಾರೆ,” ಎಂದು ಗಂಗರತ್ನಮ್ಮ ಗಂಡನ ತೋಳು ಹಿಡಿದು ಎಳೆದು ತಂದು ಬಾಗಿಲಲ್ಲಿ ನಿಲ್ಲಿಸಿದರು.

ಅಶ್ವತ್ಥನಾರಾಯಣರ ಬಲಗಾಲು ಹೊಸ್ತಿಲ ಒಳಗಿತ್ತು, ಎಡಗಾಲು ಹೊರಗಿತ್ತು. ರಾಯರನ್ನು ಕಂಡವರು ಹಾಗೇ ನಿಂತುಬಿಟ್ಟರು. ಕೊನೆಗೆ ಇಬ್ಬರೂ ಒಟ್ಟಿಗೆ, ಹುಟ್ಟಿದಾರಭ್ಯ ಒಬ್ಬರನ್ನೊಬ್ಬರು ನೋಡಿಲ್ಲದವರ ಹಾಗೆ, “ನಮಸ್ಕಾರ” ಎಂದರು. ವಂಶಿಕೃಷ್ಣ ಬಗ್ಗಿ ಷೂ ಲೇಸು ಬಿಚ್ಚತೊಡಗಿದ. ನೋಡಬಾರದೆಂದುಕೊಂಡರೂ ರಾಯರ ಕಣ್ಣು ಅಲ್ಲಿಗೇ ಹೋಯಿತು.

ಕೇಸರಿಬಾತು ಬಂತು. ಗೋಡಂಬಿ ಧಾರಾಳವಾಗಿತ್ತು. ಮೃದುಲಾ ಕಾಫಿ ತಂದಿಟ್ಟು ಕೂತಳು. ಹುಡುಗನ ತಾಯಿ ಗಂಗರತ್ನಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಗಂಡ ಸತ್ತ ಮನೆಗೆ ಬಂದವರ ಹಾಗೆ ಮರುಗುತ್ತ ನೋಡುತ್ತಿದ್ದರು. ಗಂಗರತ್ನಮ್ಮನಿಗೆ ತಲೆಬುಡ ತಿಳಿಯಲಿಲ್ಲ.

“ಮಗಳು ಒಬ್ಬಳೇ ಅಂದಿದ್ರಿ,” ಎಂದರು ಅಶ್ವತ್ಥನಾರಾಯಣರು, ಲೋಟ ನೋಡುತ್ತ.

“ಹೌದು, ಇವಳೊಬ್ಬಳೇ,” ಎಂದರು ಗಂಗರತ್ನಮ್ಮ.

ಮಾತು ಮುಗಿಯುವ ಮೊದಲೇ ತೆರೆದ ಬಾಗಿಲಿನಿಂದ ಸಿದ್ರಾ ಬಂದಳು. ಯಾರನ್ನೂ ನೋಡದೆ ಸೀದಾ ರಾಯರ ಮುಂದೆ ನಿಂತು ಕೈ ಚಾಚಿದಳು.

“ಅಪ್ಪಾ, ಚಾಕ್ಲೇಟ್.”

ಅವಳನ್ನು ಹುಡುಕಿಕೊಂಡು ಬಂದ ಹಜೀರಾ ಬಾಗಿಲಲ್ಲಿ ಕಾಣಿಸಿಕೊಂಡಳು. ಹುಡುಗನ ತಾಯಿ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, “ಇಪ್ಪತ್ತೆಂಟೇ,” ಎಂದು ಉಸುರಿದರು. ಗಂಗರತ್ನಮ್ಮನ ಕೈಯಿಂದ ತಟ್ಟೆ ಬಿದ್ದು ಅಡುಗೆಮನೆಯವರೆಗೂ ಉರುಳಿತು.

ಅಶ್ವತ್ಥನಾರಾಯಣರು ಎದ್ದು ನಿಂತರು. “ರಾಯರೇ, ಒಂದೇ ಮಾತು ಹೇಳಿ. ಅಷ್ಟು ಜನರ ಎದುರು ನೀವಂದಿದ್ದು ನಿಜವಾದ್ರೆ ನಿಮಗೆ ಎರಡು ಸಂಸಾರ. ಸುಳ್ಳಾದ್ರೆ, ಒಂದು ಮರದ ನೆರಳಿಗೋಸ್ಕರ ಮಗೂನ ಹುಟ್ಟಿಸೋರು ಜಾತಕ ಹುಟ್ಟಿಸೋಕೆ ಹಿಂಜರೀತಾರಾ?”

ರಾಯರು ಮೃದುಲಾಳ ಕಡೆ ನೋಡಿದರು. ಬೆಳಗಿನಿಂದ ಎರಡು ಸಲ ಸೀರೆ ಬದಲಾಯಿಸಿದ್ದ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು.

“ಸುಳ್ಳು,” ಎಂದರು ರಾಯರು. “ಕಡ ತಂದ ಮಗು.”

“ಹೌದು ಸಾರ್, ನಾನೇ ಕೊಟ್ಟಿದ್ದು,” ಎಂದ ಹೆಂಡತಿಯ ಹಿಂದಿನಿಂದ ಜಾನ್ ಪಾಷಾ. “ಏಣೀನೂ ಕೊಡ್ತೀನಿ ಅಂದೆ, ಅವರೇ ಬೇಡ ಅಂದ್ರು.”

ಮಾನ ಹೋದ ಮೇಲೆ ರಾಯರಿಗೆ ಧೈರ್ಯ ಬಂತು. “ನಾನು ಹೇಳಿದ್ದಾಯ್ತು. ಈಗ ನೀವು ಹೇಳಿ. ಮಗನಿಗೆ ಬುದ್ಧಿ ಬಲಿತಿಲ್ಲ, ಲೇಸು ಕಟ್ಕೊಳ್ಳೋಕೂ ಬರಲ್ಲ ಅಂದ್ರಲ್ಲ, ಅದು ನಿಜಾನೋ ಸುಳ್ಳೋ?”

“ಬುದ್ಧಿ ಬಲಿತಿಲ್ವಾ?” ಗಂಗರತ್ನಮ್ಮ ಗೋಡೆ ಹಿಡಿದುಕೊಂಡರು. ಗೋಡೆಯ ಗಡಿಯಾರ ರಾಹುಕಾಲದ ಕಡೆ ಜರುಗುತ್ತಿತ್ತು.

ವಂಶಿಕೃಷ್ಣ ಎದ್ದು ಜಗಲಿಗೆ ಹೋದ. ಎಲ್ಲರ ಎದುರು ಷೂ ಹಾಕಿಕೊಂಡು, ಲೇಸು ಎಳೆದು, ಒಂದರ ಮೇಲೊಂದು ಗಂಟು ಹಾಕಿ ತೋರಿಸಿ, ಸೀದಾ ಮೃದುಲಾಳ ಕಡೆ ನೋಡಿದ. ಮೊದಲು ನಕ್ಕವಳು ಅವಳೇ.

“ಎರಡು ಗಂಟು ಸರಿಯಾಗೇ ಹಾಕ್ತಾರೆ,” ಎಂದಳು.

“ಮೂರನೇ ಗಂಟು ತಾಳಿ ಕಟ್ಟೋವಾಗ ಕಲ್ತ್ಕೋತಾನೆ ಬಿಡಮ್ಮ,” ಎಂದರು ಹುಡುಗನ ತಾಯಿ. ಹೆಂಗಸರು ಗಂಡಸರನ್ನು ಲೆಕ್ಕಕ್ಕೇ ಇಡದೆ, ರಾಹುಕಾಲ ಹುಟ್ಟುವುದರೊಳಗೆ ಎಲೆ ಅಡಿಕೆ ಬದಲಾಯಿಸಿಬಿಟ್ಟರು. ಸಿದ್ರಾಳ ಬಾಯಿ ಮುಚ್ಚಿಸಲು ರಾಯರು ಓಡಿಹೋಗಿ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಚಾಕ್ಲೇಟು ತಂದುಕೊಟ್ಟರು. ಅಪ್ಪ ಎಂಬ ಮಾತಿಗೆ ಎಂಥ ಬೆಲೆಯಿದೆ ಎಂಬುದು ಆ ಮಗುವಿಗೆ ಅಂದು ಖಾತ್ರಿಯಾಯಿತು.

ಮುಂದಿನ ಭಾನುವಾರ ರಾಯರ ಮನೆಗೆ ಸೂಪರ್ ಮಾರ್ಕೆಟ್ಟಿನಿಂದ ಫೋನು ಬಂತು. ಆ ಕಡೆ ಜಾನ್ ಪಾಷಾ ಅಳುವುದೊಂದು ಬಾಕಿ. “ಸಾರ್, ಭಾಮೈದನ ಕಾರಲ್ಲಿ ಬಂದು ಮರದ ಕೆಳಗೆ ನಿಲ್ಸಿದ್ವಿ. ಮಕ್ಕಳ ಕಳ್ಳ ಅಂತ ಹಿಡ್ಕೊಂಡಿದಾರೆ. ಬೇಗ ಬನ್ನಿ ಸಾರ್.”

ರಾಯರು ಕಾರನ್ನು ಬಿಸಿಲಿನಲ್ಲಿ ಬಿಟ್ಟು ಓಡಿದರು. ಹೊಂಗೆ ಮರದ ಕೆಳಗೆ ಜಾತ್ರೆ ಸೇರಿತ್ತು. ನಡುವೆ ದೊಡ್ಡವೆಂಕಟಪ್ಪ ಒಂದು ಕೈಯಲ್ಲಿ ಪಾಷಾನ ಕಾಲರನ್ನು, ಇನ್ನೊಂದು ಕೈಯಲ್ಲಿ ಸಿದ್ರಾಳ ಕೈಯನ್ನು ಹಿಡಿದು ನಿಂತಿದ್ದ.

“ಬಂದ್ರಾ ಸಾರ್? ನಿಮ್ಮ ಮಗಳನ್ನ ಕಾಪಾಡಿದೀನಿ.”

“ಬಿಡಪ್ಪಾ ಅವನನ್ನ,” ಎಂದರು ರಾಯರು ಏದುಸಿರು ಬಿಡುತ್ತ. “ಅದು ಅವನ ಮಗಳು. ನನ್ನ ಮಗಳಲ್ಲ.”

ದೊಡ್ಡವೆಂಕಟಪ್ಪನ ಪೀಪಿ ಎರಡನೇ ಸಲ ಬಾಯಿಂದ ಜಾರಿತು. ಅವನು ರಾಯರನ್ನು ನೋಡಿದ ನೋಟದಲ್ಲಿ, ಎಂಥೆಂಥ ತಂದೆಯರನ್ನೋ ಕಂಡಿದ್ದೆ, ಇಂಥವರನ್ನು ಕಂಡಿರಲಿಲ್ಲ ಎಂಬ ಆಘಾತವಿತ್ತು.

“ಇಷ್ಟು ಜನರ ಮುಂದೆ ಹೆತ್ತ ಮಗೂನ ನನ್ನದಲ್ಲ ಅಂತೀರಲ್ಲ ಸಾರ್,” ಎಂದ.

ಸಿದ್ರಾ ಅವನ ಕೈ ಬಿಡಿಸಿಕೊಂಡು ಓಡಿ ಬಂದು ರಾಯರ ಪಂಚೆ ಹಿಡಿದು ಎಳೆದಳು.

“ಅಪ್ಪಾ,” ಎಂದಳು, “ದೊಡ್ಡ ಚಾಕ್ಲೇಟು.”