ಬಲಗಡೆಯ ವುಡ್‌ಕಾಕ್ ನನ್ನದೆಂದು ದಾಖಲಿಸುವ ಕುರಿತು

ಇಂದ:
ಶ್ರೀಮತಿ ಅಟ್ರಾಕ್ಟಾ ಗಿಲ್ಹೂಲಿ, ವಯಸ್ಸು 61,
ಕಸುಬು: ಸತ್ತ ಹಕ್ಕಿಗಳ ಚರ್ಮ ಸುಲಿದು, ಹದ ಮಾಡಿ, ಒಳಗೆ ತುಂಬಿ, ಬದುಕಿದ್ದಂತೆ ನಿಲ್ಲಿಸುವುದು,
ಕಿಲ್ಡರೀನ್, ಲೀಟ್ರಿಮ್ ಜಿಲ್ಲೆ, ಐರ್ಲೆಂಡ್.

ಗೆ:
ಗೌರವ ಕಾರ್ಯದರ್ಶಿಗಳು,
ಎಡಬಲ ವುಡ್‌ಕಾಕ್ ಬೇಟೆಗಾರರ ಸಂಘ,
(ಪಬ್ಬಿನ ಹಿಂದಿನ ಕೋಣೆ), ಕಿಲ್ಡರೀನ್.

ವಿಷಯ: ಸಂಘದ 14ನೇ ಗಾಜಿನ ಪೆಟ್ಟಿಗೆಯ ಎರಡು ವುಡ್‌ಕಾಕ್ ಹಕ್ಕಿಗಳ ಪೈಕಿ ಬಲಗಡೆಯದು ನನ್ನ ಗಂಡ ಹೊಡೆದದ್ದಲ್ಲವೆಂದು ತಿಳಿಸಿ, ಅದಕ್ಕೆ ಬಂದ ಪ್ರಶಸ್ತಿಯನ್ನು ನನ್ನ ಹೆಸರಿಗೆ ಮಾಡಿಕೊಡುವಂತೆ ಕೋರಿ.

ಉಲ್ಲೇಖ: 1) ಸಂಘದ ನಿಯಮ 3: "ಬಂದೂಕನ್ನು ಹೆಗಲಿನಿಂದ ಇಳಿಸದೆ ಎರಡು ನಳಿಗೆಯಿಂದ ಎರಡು ವುಡ್‌ಕಾಕ್ ಉರುಳಿಸಿದವನು, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಸದಸ್ಯನಾಗತಕ್ಕದ್ದು."
2) ಕಳೆದ ಶನಿವಾರದ ಸುವರ್ಣ ಮಹೋತ್ಸವದಲ್ಲಿ ತಾವೆಲ್ಲ ಹೊಡೆದ ಚಪ್ಪಾಳೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ತಮ್ಮ ಅವಗಾಹನೆಗೆ ತರುವುದೇನೆಂದರೆ:

1. ಅರ್ಜಿದಾರಳ ಗಂಡ ಮಲಾಕಿ ಗಿಲ್ಹೂಲಿ, ನಿವೃತ್ತ ಅಂಚೆಯವನು. ಅವನ ತಂದೆ ಸಂಘದ ಸದಸ್ಯರು. ಅಣ್ಣ ಯೂಜೀನ್ ಇಪ್ಪತ್ತೆರಡನೇ ವಯಸ್ಸಿಗೇ ಸದಸ್ಯ. ಸದರಿ ಯೂಜೀನ್ ಪ್ರತಿ ಕ್ರಿಸ್‌ಮಸ್ ಊಟಕ್ಕೆ ಬಂದಾಗಲೂ ಕೋಟಿನ ಮೇಲಿನ ಸಂಘದ ಬಿಲ್ಲೆಯನ್ನು ಕರವಸ್ತ್ರದಿಂದ ಒರೆಸಿಕೊಂಡು, "ಏನಪ್ಪಾ ತಮ್ಮಾ, ಈ ವರ್ಷಾನೂ ಒಂದೇನಾ? ಇನ್ನೊಂದು ಹಾರ್ಹೋಯ್ತಾ?" ಎಂದು ಕೇಳುವುದು ಆಗ ವಾಡಿಕೆಯಾಗಿತ್ತು. ಮಲಾಕಿ ತಲೆ ತಗ್ಗಿಸಿಕೊಂಡು ಆಲೂಗಡ್ಡೆ ತಿನ್ನುವುದೂ ವಾಡಿಕೆಯಾಗಿತ್ತು.

2. 1998ರ ನವೆಂಬರ್ ಹುಣ್ಣಿಮೆಯ ಹಿಂದೆಯೇ ವುಡ್‌ಕಾಕ್‌ಗಳು ಬಂದಿಳಿದವು. ಮಾರನೇ ದಿನ ಮಲಾಕಿ ಎರಡು ಗುಂಡು ಹಾರಿಸಿದ. ಎರಡು ಕಂದು ಹಕ್ಕಿಗಳು ಬಿದ್ದವು. ಸಾಕ್ಷಿಗಳಾದ ಪಾದ್ರಿ ಕೊನಾಟಿ ಮತ್ತು ದನದ ಡಾಕ್ಟರು ಡೋಲನ್ "ಬಿತ್ತು! ಜೋಡಿ ಬಿತ್ತು!" ಎಂದು ಕುಣಿದು, ನಿಂತಲ್ಲೇ ಸಹಿ ಹಾಕಿದರು. ಒಂದನ್ನು ನಾಯಿ ಕಚ್ಚಿ ತಂದಿತು. ಇನ್ನೊಂದನ್ನು ಮಲಾಕಿಯೇ ಮುಳ್ಳುಪೊದೆಯಿಂದ ಹೆಕ್ಕಿ, ಟೋಪಿಯಲ್ಲಿ ಮುಚ್ಚಿಕೊಂಡು, ಯಾರಿಗೂ ತೋರಿಸದೆ ನೇರವಾಗಿ ಅಡುಗೆಮನೆಗೆ ಬಂದ.

3. ಮೇಜಿನ ಮೇಲೆ ಟೋಪಿ ಬಿಚ್ಚಿದಾಗ ನಡೆದ ಮಾತುಕತೆ ಕೆಳಕಂಡಂತಿದೆ:

"ಇದು ವುಡ್‌ಕಾಕ್ ಅಲ್ಲ ಕಣೋ, ಸ್ನೈಪ್!"

"ಮೆಲ್ಲಗೆ ಮಾತಾಡೇ ಮಾರಾಯ್ತಿ, ಪಾದ್ರಿಗಳು ಹೊರಗೆ ನಿಂತಿದಾರೆ."

"ನೆತ್ತಿ ನೋಡು. ವುಡ್‌ಕಾಕಿಗೆ ಪಟ್ಟೆ ಅಡ್ಡಡ್ಡ ಇರುತ್ತೆ, ಇದಕ್ಕೆ ಉದ್ದುದ್ದ. ಗಾತ್ರ ಅದರ ಅರ್ಧಾನೂ ಇಲ್ಲ. ಕುರುಡನೂ ಹೇಳ್ತಾನೆ."

"ಕುರುಡ ಹೇಳ್ಕೊಳ್ಲಿ. ಪಾದ್ರಿ ಸಹಿ ಆಗ್ಹೋಗಿದೆ."

ಆಮೇಲೆ ಅವನು ಕುರ್ಚಿಯಲ್ಲಿ ಕುಸಿದು, "ಅಣ್ಣನ ಎದುರಿಗೆ ಇನ್ನೊಂದು ಕ್ರಿಸ್‌ಮಸ್ ಕೂರಕ್ಕೆ ನನ್ನಿಂದ ಆಗಲ್ಲ ಕಣೇ" ಎಂದ. ಹಾಗೆಂದವನು ಫ್ರೀಜರಿನ ಕಡೆ ನೋಡಿದ.

4. ಫ್ರೀಜರಿನಲ್ಲಿದ್ದದ್ದು ಅರ್ಜಿದಾರಳ ಸ್ವಂತ ವುಡ್‌ಕಾಕ್. ವಾರದ ಹಿಂದೆ ಮುಸ್ಸಂಜೆಯಲ್ಲಿ ಅಡುಗೆಮನೆಯ ಕಿಟಕಿಗೆ ಡಿಕ್ಕಿ ಹೊಡೆದು, ಒಂದು ಗರಿಯೂ ಕೊಂಕದಂತೆ ಸತ್ತಿತ್ತು. ಚಹಾ ಕುಡಿಯುತ್ತಿದ್ದ ಮಲಾಕಿ ಅಂದು ಹೇಳಿದ್ದು, "ಬೆಕ್ಕಿಗೆ ಹಾಕು." ಅರ್ಜಿದಾರಳು ಹಾಕಲಿಲ್ಲ. ಡಬ್ಲಿನ್ನಿನ ಪ್ರದರ್ಶನದಲ್ಲಿ ಬೇಟೆಹಕ್ಕಿಗಳ ವಿಭಾಗಕ್ಕೆಂದು ಅಂಥದೊಂದು ಹಕ್ಕಿಗಾಗಿ ಹದಿನೈದು ವರ್ಷ ಕಾದಿದ್ದಳು. ಫೆಸೆಂಟ್ ಹಕ್ಕಿಯನ್ನು ಯಾರು ಬೇಕಾದರೂ ತುಂಬಬಹುದು, ಬಾಲವೇ ಅರ್ಧ ಕೆಲಸ ಮಾಡುತ್ತದೆ. ವುಡ್‌ಕಾಕಿನ ಚರ್ಮವಾದರೋ ನೆನೆದ ಪತ್ರಿಕೆಯಂತೆ ಹರಿಯುತ್ತದೆ. ಕಣ್ಣು ತಲೆಯ ಹಿಂದಕ್ಕೆ. ಕಿವಿಯೋ ಕಣ್ಣಿಗಿಂತ ಮುಂದೆ, ಕೆಳಗೆ. ದೊಡ್ಡ ದೊಡ್ಡ ಕಸುಬುದಾರರೂ ಅಭ್ಯಾಸಬಲದಿಂದ ಕಿವಿಯನ್ನು ಕಣ್ಣಿನ ಹಿಂದೆ ಕೂರಿಸಿ ಕೆಡಿಸುತ್ತಾರೆ.

ಸಂಘದ ಸದಸ್ಯತ್ವದ ನಮೂನೆಗೆ ಪುರಾವೆಯಾಗಿ ಎರಡೂ ಹಕ್ಕಿಗಳ ರೆಕ್ಕೆಯಂಚಿನ ಮುಳ್ಳುಗರಿಗಳನ್ನು, ಒಟ್ಟು ನಾಲ್ಕು, ಅಂಟಿಸಬೇಕಿತ್ತು. ಅದರಲ್ಲಿ ಎರಡು ಈ ಹಕ್ಕಿಯವು. ಕಿತ್ತವಳು ನಾನೇ. (ತಪ್ಪಾಯಿತು, "ಅರ್ಜಿದಾರಳು" ಎಂದು ಓದಿಕೊಳ್ಳತಕ್ಕದ್ದು.) ಸ್ನೈಪಿನ ಬದಲು ಪೆಟ್ಟಿಗೆಯ ಬಲಗಡೆ ನಿಂತದ್ದು ಈ ಹಕ್ಕಿ. ಆ ವರ್ಷ ಡಬ್ಲಿನ್ನಿಗೆ ಹೋಗಲಿಲ್ಲ. ಆಮೇಲೂ ಹೋಗಲಿಲ್ಲ. ಯಾರೂ ಕತ್ತು ಹಿಡಿದು ಮಾಡಿಸಿದ್ದಲ್ಲ. ಕಾರಣ: ಗಂಡನ ಮೇಲಿನ ಪ್ರೀತಿ. ನಮೂನೆಯಲ್ಲಿ ಇದಕ್ಕೆ ಕಾಲಂ ಇರಲಿಲ್ಲವಾದ ಕಾರಣ ಇಲ್ಲಿ ನಮೂದಿಸಿದೆ.

5. ಕಳೆದ ಶನಿವಾರ ಡಬ್ಲಿನ್ನಿನಿಂದ ಬಂದ ತೀರ್ಪುಗಾರರು ಸಂಘದ ಎಲ್ಲ ಪೆಟ್ಟಿಗೆಗಳನ್ನೂ ಸಾಲಾಗಿ ಇಟ್ಟು ಹೋಲಿಸಿದರು. 14ನೇ ಪೆಟ್ಟಿಗೆಯ ಎಡಗಡೆಯದನ್ನು ನೋಡಿ "ಪರವಾಗಿಲ್ಲ" ಎಂದರು. ನಾಯಿ ಕಚ್ಚಿದ್ದಕ್ಕೆ ಅಷ್ಟು ಸಾಕು. ಬಲಗಡೆಯದರ ಮುಂದೆ ಹತ್ತು ನಿಮಿಷ ನಿಂತರು.

"ಇಂಥ ವುಡ್‌ಕಾಕ್ ನಾನು ಕಂಡೇ ಇಲ್ಲ. ಮೈಮೇಲೆ ಗುಂಡಿನ ಒಂದು ತೂತಿಲ್ಲವಲ್ರೀ! ಯಾರದು ಈ ಕೈ?"

ಮಲಾಕಿ ಎದ್ದು ನಿಂತ. "ಕೈ ಹದವಾಗಿದ್ರೆ ಹಾಗೇ ಆಗತ್ತೆ ಸಾರ್" ಎಂದ. ಉಲ್ಲೇಖ 2ರ ಚಪ್ಪಾಳೆ ಬಿದ್ದದ್ದು ಆಗ. ಗಾಜಿಗೆ ಬಡಿದು ಸತ್ತದ್ದರ ಮೈಯಲ್ಲಿ ಗುಂಡಿನ ತೂತು ಎಲ್ಲಿಂದ ಬರಬೇಕು ಸ್ವಾಮಿ?

ತುಂಬಿದವರು ಯಾರೆಂದು ತೀರ್ಪುಗಾರರು ಕೇಳಿದರು. ಆಗ ತಾವು ಕೊಟ್ಟ ಉತ್ತರ: "ಅದಾ? ಅವರ ಮನೇಲೇ ಮಾಡ್ಕೊಂಡಿದಾರೆ." ಉಪ್ಪಿನಕಾಯಿಯ ವಿಷಯ ಹೇಳಿದ ಹಾಗೆ. ಅರ್ಜಿದಾರಳು ಅದೇ ಕೋಣೆಯಲ್ಲಿ, ಎಂಟು ಹೆಜ್ಜೆ ಹಿಂದೆ, ತಮಗೇ ಸ್ಯಾಂಡ್‌ವಿಚ್ ಕತ್ತರಿಸುತ್ತಿದ್ದಳು. ಪ್ರಶಸ್ತಿಯ ಬೆಳ್ಳಿ ಫಲಕದ ಮೇಲೆ ಮಲಾಕಿಯ ಹೆಸರು ಬಂತು. ಹೊಟ್ಟೆ ಉರಿಯಿತು. ಇದನ್ನು ಕಚೇರಿ ಭಾಷೆಯಲ್ಲಿ ಬರೆಯಲು ಪ್ರಯತ್ನಿಸಿ ಕೈಬಿಡಲಾಗಿದೆ.

6. ಯಾವುದೇ ಹಕ್ಕಿಯ ಮೇಲೆ ಹಕ್ಕು ಸಾಧಿಸಲು ಇಬ್ಬರು ಸಾಕ್ಷಿಗಳು ಬೇಕು. ಸದರಿ ಹಕ್ಕಿ ಕಿಟಕಿಗೆ ಬಡಿದಾಗ ಅಡುಗೆಮನೆಯಲ್ಲಿದ್ದವರು ಇಬ್ಬರೇ: ಅರ್ಜಿದಾರಳು ಮತ್ತು ಮಲಾಕಿ. ಅವನು ಸಹಿ ಹಾಕದಿದ್ದರೆ ಈ ಅರ್ಜಿ ಕಾಗದದ ಚೂರು. ಆದ್ದರಿಂದ ಮಂಗಳವಾರ, ಇಲ್ಲಿಯವರೆಗೆ ಬರೆದದ್ದನ್ನು ಅವನ ತಟ್ಟೆಯ ಪಕ್ಕ ಇಡಲಾಯಿತು.

"ಇಪ್ಪತ್ನಾಲ್ಕು ವರ್ಷ ಬಾಯ್ಮುಚ್ಕೊಂಡಿದ್ದವಳಿಗೆ ಈಗೇನು ಬಂತು?"

"ಚಪ್ಪಾಳೆ ಬಂತು."

"ನನ್ನ ಮಾನ ಹೋಗತ್ತೆ ಕಣೇ."

"ನಿನ್ನ ಮಾನ ನಾನು ತುಂಬಿ ನಿಲ್ಸಿದ್ದು ಕಣೋ. ಒಳಗಿರೋದೆಲ್ಲ ಹತ್ತಿ."

ಎರಡು ದಿನ ಅರ್ಜಿ ತಟ್ಟೆಯ ಪಕ್ಕದಲ್ಲೇ ಬಿದ್ದಿತ್ತು. ಗುರುವಾರ ಚಹಾದ ಹೊತ್ತಿಗೆ ತಾನಾಗಿಯೇ ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಓದಿದ. "ಕಿವಿ ಮುಂದಿರುತ್ತಾ? ನಂಗೊತ್ತೇ ಇರ್ಲಿಲ್ಲ" ಎಂದ. ಸಹಿ ಹಾಕಿದ. ಅರ್ಜಿದಾರಳಿಗೆ ಗೆದ್ದ ಖುಷಿಯಾಗಬೇಕಿತ್ತು, ಅಷ್ಟೊಂದು ಆಗಲಿಲ್ಲ.

ಆದ ಕಾರಣ, ತಾವು ದಯಮಾಡಿ:
ಅ) ಮಲಾಕಿಯ ಹೆಸರನ್ನು ಸದಸ್ಯರ ಪಟ್ಟಿಯಿಂದ ತೆಗೆದು,
ಆ) ಫಲಕದ ಮೇಲೆ "ತುಂಬಿ ನಿಲ್ಲಿಸಿದವರು: ಅಟ್ರಾಕ್ಟಾ ಗಿಲ್ಹೂಲಿ" ಎಂದು ಕೆತ್ತಿಸಿ,
ಇ) ಸಾಕ್ಷಿಗಳ ಮೇಲೆ ಯಾವ ಕ್ರಮವನ್ನೂ ಕೈಗೊಳ್ಳದೆ (ಪಾದ್ರಿಗಳು ತೀರಿಕೊಂಡಿದ್ದಾರೆ, ಅವರನ್ನು ವಿಚಾರಿಸುವ ಕಚೇರಿ ಬೇರೆ),
ಈ ಪ್ರಕರಣವನ್ನು ಇತ್ಯರ್ಥಪಡಿಸಬೇಕಾಗಿ ವಿನಂತಿ.

ಇಂತಿ,
ಇಪ್ಪತ್ತನಾಲ್ಕು ವರ್ಷ ತಮ್ಮ ವಿಶ್ವಾಸಕ್ಕೆ ದ್ರೋಹ ಬಗೆದು, ಇಂದಿನಿಂದ ತಮ್ಮ ವಿಶ್ವಾಸಿ,
(ಸಹಿ) ಅಟ್ರಾಕ್ಟಾ ಗಿಲ್ಹೂಲಿ

ಸಾಕ್ಷಿ 1: ಅರ್ಜಿದಾರಳೇ.
ಸಾಕ್ಷಿ 2: (ಸಹಿ) ಮ. ಗಿಲ್ಹೂಲಿ. ಷರಾ: "ಬೆಕ್ಕಿಗೆ ಹಾಕು ಅಂದವನು ನಾನೇ. ನಿಜ."

ಲಗತ್ತುಗಳು:
1. ಸ್ನೈಪ್, ಒಂದು. (ಅದನ್ನೂ ತುಂಬಿಟ್ಟಿದ್ದೆ. ಚೆನ್ನಾಗಿಯೇ ಬಂದಿದೆ.)
2. ಬೆಳ್ಳಿ ಫಲಕ, ತಿದ್ದುಪಡಿಗಾಗಿ.
3. ಮಲಾಕಿಯ ಸದಸ್ಯತ್ವದ ಬಿಲ್ಲೆ: ಸದ್ಯಕ್ಕೆ ಲಗತ್ತಿಸಿಲ್ಲ. ಕೆಳಗೆ ನೋಡಿ.

ವಿಶೇಷ ಕೋರಿಕೆ: ಈ ಭಾನುವಾರ ಮಧ್ಯಾಹ್ನ ಭಾವ ಯೂಜೀನ್ ನಮ್ಮಲ್ಲಿ ಊಟಕ್ಕೆ ಬರುವವರಿದ್ದಾರೆ. ಆದ ಕಾರಣ ಮಲಾಕಿಯ ಹೆಸರನ್ನು ಸೋಮವಾರದಿಂದ ಜಾರಿಗೆ ಬರುವಂತೆ ತೆಗೆಯಬೇಕೆಂದೂ, ಅದುವರೆಗೆ ಈ ಅರ್ಜಿ ತಮಗೆ ತಲುಪಿಯೇ ಇಲ್ಲವೆಂದು ಭಾವಿಸಬೇಕೆಂದೂ ಕೋರಿದೆ.