ಬ್ರೇಕಿನ ಮೇಲಿದ್ದ ಕಾಲು

ಹೆಂಡತಿಗೆ ಏಳೇ ದಿನದಲ್ಲಿ ಕಾರು ಕಲಿಸುತ್ತೇನೆ, ಅದೂ ಒಂದೇ ಒಂದು ಸಲವೂ ದನಿ ಏರಿಸದೆ! ಹೀಗೆಂದು ಬ್ರೇಕ್ ಮೇಷ್ಟ್ರು ಊಟದ ಮೇಜಿನ ಮುಂದೆ ನಿಂತು ಘೋಷಿಸಿದರು. ಕೇಳಲು ಇದ್ದವರು ಹೆಂಡತಿಯೊಬ್ಬರೇ. ಆದರೂ ಮೇಷ್ಟ್ರು ಕೈ ಎತ್ತಿದ್ದು ಸಾವಿರ ಜನರ ಸಭೆಗೆ ಎತ್ತಿದ ಹಾಗಿತ್ತು.

"ಮೊದಲು ಕೂತು ಊಟ ಮಾಡಿ" ಎಂದರು ಹೆಂಡತಿ. ಅವರು ಶಾಲೆಯೊಂದರಲ್ಲಿ ಗುಮಾಸ್ತೆ. ಊರಿನ ಆ ತುದಿಯ ಶಾಲೆಗೆ ವರ್ಗವಾಗಿತ್ತು. ಎರಡು ಬಸ್ಸು ಹತ್ತಿ ಇಳಿಯುವ ಬದಲು ಕಾರು ಕಲಿಯುವುದೇ ವಾಸಿ ಎಂದು ಡ್ರೈವಿಂಗ್ ಪರೀಕ್ಷೆಗೆ ಅರ್ಜಿ ಹಾಕಿದ್ದರು. ಮುಂದಿನ ಶುಕ್ರವಾರ ಪರೀಕ್ಷೆ.

ಮೇಷ್ಟ್ರಿಗೆ ಆ ಹೆಸರು ಬಂದದ್ದಕ್ಕೆ ಕಾರಣವಿದೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಕಾಲಬುಡದಲ್ಲೊಂದು ಬ್ರೇಕ್, ಪಕ್ಕದಲ್ಲಿ ಕೂತ ಮೇಷ್ಟ್ರ ಕಾಲಬುಡದಲ್ಲಿ ಇನ್ನೊಂದು. ಕಲಿಯುವವರು ಒತ್ತಲು ಮರೆತರೆ ಮೇಷ್ಟ್ರು ಒತ್ತಬೇಕು. ಇಪ್ಪತ್ತೆರಡು ವರ್ಷಗಳಿಂದ ಅವರ ಬಲಗಾಲು ಆ ಬ್ರೇಕಿನಿಂದ ಒಂದಂಗುಲ ಮೇಲೆ, ಕೋಳಿಮರಿಯ ಮೇಲಿನ ಗಿಡುಗನ ಹಾಗೆ ಸುಳಿಯುತ್ತಿತ್ತು. "ಎಲ್ಲರಿಗೂ ಕಣ್ಣಿರೋದು ಮುಖದಲ್ಲಿ. ನನಗೆ ಒಂದು ಹೆಚ್ಚಿಗೆ, ಅಂಗಾಲಿನಲ್ಲಿ!" ಎಂದು ಹೊಸಬರಿಗೆಲ್ಲ ಹೇಳುತ್ತಿದ್ದರು.

ಆ ಕಣ್ಣಿಗೆ ಪೊರೆ ಬಂದು ಆರು ತಿಂಗಳಾಗಿತ್ತು. ಅದನ್ನು ಮಾತ್ರ ಅವರು ಯಾರಿಗೂ ಹೇಳಿರಲಿಲ್ಲ.

ಮೊದಲು ಕಾಲ್ಬೆರಳ ತುದಿಯಲ್ಲಿ ಇರುವೆ ಹರಿದಂತಾಯಿತು. ಆಮೇಲೆ ಜುಮುಜುಮು. ಈಗೀಗ ಹಗಲೆಲ್ಲ ಪಾದ ಹತ್ತಿ ತುಂಬಿದ ದಿಂಬು, ಸಂಜೆಯಾದರೆ ಕೆಂಡ. ಒಂದು ದಿನ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಿದ್ದರು. ಇನ್ನೊಂದು ದಾರಿಯಲ್ಲಿ ಎಲ್ಲಿ ಕಳಚಿತೋ ಗೊತ್ತೇ ಆಗಿರಲಿಲ್ಲ. ಹೆಂಡತಿಗೆ "ನಾಯಿ ಕಚ್ಚಿಕೊಂಡು ಹೋಯ್ತು" ಎಂದುಬಿಟ್ಟರು.

ಡಾಕ್ಟರ ಬಳಿ ಹೋಗಬಹುದಿತ್ತು. ಆದರೆ ವಿಷಯ ಸ್ಕೂಲಿನ ಮಾಲೀಕರ ಕಿವಿಗೆ ಬಿದ್ದರೆ? ಕಾರಿನಿಂದ ಇಳಿಸಿ ಆಫೀಸಿನ ಕುರ್ಚಿಗೆ ಹಾಕುತ್ತಾರೆ. ನಿವೃತ್ತಿಯವರೆಗೆ ಅರ್ಜಿಗಳಿಗೆ ಫೋಟೊ ಅಂಟಿಸುತ್ತ ಕೂರಬೇಕು! ಆ ಸೀಟು ಹೋದರೆ ತಾನು ಬರೀ ಮೇಷ್ಟ್ರು, ಬ್ರೇಕ್ ಮೇಷ್ಟ್ರಲ್ಲ. ಹೀಗೆ ಯೋಚಿಸಿ ಮನೆಯಲ್ಲೇ ಗುಟ್ಟಾಗಿ ಚಿಕಿತ್ಸೆ ಶುರುಮಾಡಿದ್ದರು. ಅದು ಆ ಭಾನುವಾರವೇ ಸಿಕ್ಕಿಬಿತ್ತು.

"ರೀ, ಫ್ರೀಜರಿನಲ್ಲಿ ನಿಮ್ಮ ಕಾಲುಚೀಲ ಇದೆ."

"ಹೌದಾ?"

"ಮೂರು ಜೊತೆ. ಕಲ್ಲಾಗಿವೆ. ಒಂದು ಎತ್ತಿದರೆ ತಟ್ಟೆಯ ಹಾಗೆ ನಿಂತುಕೊಳ್ಳುತ್ತೆ."

"ವಾಸನೆ ಹೋಗಲಿ ಅಂತ. ವೈಜ್ಞಾನಿಕ ವಿಧಾನ."

"ವಾಸನೆ ಹೋಗಿದೆ. ಐಸ್‌ಕ್ರೀಮಿಗೆ ಹೋಗಿದೆ!"

ಆ ಐಸ್‌ಕ್ರೀಮನ್ನು ಮೇಷ್ಟ್ರೊಬ್ಬರೇ ಪೂರ್ತಿ ತಿಂದು ಮುಗಿಸಬೇಕಾಯಿತು.

ಸೋಮವಾರ ಪಾಠ ಆರಂಭವಾಯಿತು. ಹೆಂಡತಿ ಸ್ಕೂಲಿನ ಕಾರು ಎಬ್ಬಿಸಿದರು. ಕಾರು ನರಳಿತು, ಮುಗ್ಗರಿಸಿತು, ಎಮ್ಮೆ ಕೆಸರಿನಿಂದ ಏಳುವ ಹಾಗೆ ನಾಲ್ಕು ಮಾರು ಹೋಗಿ ನಿಂತಿತು.

"ಆಕ್ಸಿಲರೇಟರ್ ಒತ್ತು" ಎಂದರು ಮೇಷ್ಟ್ರು, ಜೇನಿನಲ್ಲಿ ಅದ್ದಿದ ದನಿಯಲ್ಲಿ.

"ಒತ್ತಿದ್ದೀನಿ."

"ಇನ್ನೂ ಸ್ವಲ್ಪ ಒತ್ತು, ಚಿನ್ನ."

"ಇನ್ನೂ ಒತ್ತಿದರೆ ಕಾಲು ರಸ್ತೆಗೆ ತಾಗುತ್ತೆ!"

ಮಂಗಳವಾರದ ಹೊತ್ತಿಗೆ 'ಚಿನ್ನ' ಹೋಯಿತು. ಬುಧವಾರ ಜೇನೂ ಬತ್ತಿತು. ನಡೆದುಹೋಗುತ್ತಿದ್ದ ಅಜ್ಜಿಯೊಬ್ಬರು ಕಾರನ್ನು ಹಿಂದೆ ಹಾಕಿ ಮುಂದೆ ಹೋದರು. ಹಿಂದಿನ ಸ್ಕೂಟರಿನವನು ಕಿಟಕಿಗೆ ಬಂದು, "ಸಾರ್, ನಿಮ್ಮ ಹಿಂದಿನ ಕೆಂಪು ದೀಪ ಆರೋದೇ ಇಲ್ಲ. ನಿಲ್ಲಿಸ್ತೀರೋ ಹೊರಡ್ತೀರೋ, ಒಂದು ತೀರ್ಮಾನಕ್ಕೆ ಬನ್ನಿ" ಎಂದ. ಚಕ್ರದಿಂದ ಸುಟ್ಟ ವಾಸನೆ ಬಂತು.

"ನಿನಗೆ ಕಾರು ಒಲಿಯೋದಿಲ್ಲ ಕಣೇ!" ಎಂದು ಕೊನೆಗೂ ಮೇಷ್ಟ್ರು ಕೂಗಿದರು.

"ಒಲಿಯೋದು ಬೇಡ. ಚಲಿಸಿದರೆ ಸಾಕು!" ಎಂದು ಹೆಂಡತಿ ಅದಕ್ಕಿಂತ ಜೋರಾಗಿ ಕೂಗಿ, ಕಾರನ್ನು ಸೀದಾ ಗ್ಯಾರೇಜಿಗೆ ತಿರುಗಿಸಿದರು. ಸೀದಾ ಎಂದರೆ, ಅರ್ಧ ಕಿಲೋಮೀಟರಿಗೆ ಇಪ್ಪತ್ತು ನಿಮಿಷ.

ಅಲ್ಲಿನ ಮೆಕ್ಯಾನಿಕ್, ಡ್ರೈವಿಂಗ್ ಸ್ಕೂಲಿನ ಕಾರುಗಳ ಹಳೆಯ ವೈದ್ಯ. "ಈ ಕಾರು ಆರು ತಿಂಗಳಿಂದ ಬ್ರೇಕ್ ಪ್ಯಾಡನ್ನ ಕಡಲೆಕಾಯಿ ಹಾಗೆ ತಿಂತಾ ಇದೆ. ಎಲ್ಲಾ ಬಿಚ್ಚಿ ನೋಡಿದೆ. ಏನೂ ತಪ್ಪಿಲ್ಲ" ಎಂದ. ತಾನೊಬ್ಬನೇ ಒಂದು ಸುತ್ತು ಓಡಿಸಿ ಬಂದ. ಕಾರು ಬಾಣ! ಮೇಷ್ಟ್ರ ಹೆಂಡತಿಯನ್ನು ಕೂರಿಸಿಕೊಂಡು ಹೋದ. ಬಾಣ! ಹೆಂಡತಿ ಓಡಿಸಿ ಅವನು ಪಕ್ಕದಲ್ಲಿ ಕೂತ. ಆಗಲೂ ಬಾಣ, ಸ್ವಲ್ಪ ವಕ್ರವಾಗಿ. ಮೇಷ್ಟ್ರು ಪಕ್ಕದಲ್ಲಿ ಕೂತರೆ ಮಾತ್ರ ಎಮ್ಮೆ.

ಮೆಕ್ಯಾನಿಕ್ ಬಹಳ ಹೊತ್ತು ಗಲ್ಲ ಕೆರೆದುಕೊಂಡ. "ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ನಿಮ್ಮ ತೂಕ ಎಷ್ಟು?"

ಗುಜರಿ ತೂಗುವ ತಕ್ಕಡಿಯ ಮೇಲೆ ಮೇಷ್ಟ್ರನ್ನು ನಿಲ್ಲಿಸಿದರು. ಎಪ್ಪತ್ತೊಂದು ಕಿಲೊ. ಅಷ್ಟೇ ತೂಕದ ಹಳೇ ಬ್ಯಾಟರಿಗಳನ್ನು ಅವರ ಸೀಟಿನಲ್ಲಿಟ್ಟು, ಸುರಕ್ಷತೆ ಮುಖ್ಯವೆಂದು ಬೆಲ್ಟನ್ನೂ ಬಿಗಿದರು. ಹೆಂಡತಿ ಒಂದು ಸುತ್ತು ಹೋಗಿ ಬಂದರು.

"ಹೇಗಿತ್ತು?" ಎಂದ ಮೆಕ್ಯಾನಿಕ್.

"ಸುಖವಾಗಿತ್ತು. ಕಾರೂ ಓಡಿತು, ಪಕ್ಕದಿಂದ ಬೈಗುಳವೂ ಇಲ್ಲ."

ಬ್ಯಾಟರಿ ಇಳಿಸಿ ಮತ್ತೆ ಮೇಷ್ಟ್ರನ್ನು ಕೂರಿಸಿದರು. ಹೆಂಡತಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿದರು. ಕಾರು ಗುಟುರು ಹಾಕುತ್ತ ನಿಂತಲ್ಲೇ ನಡುಗಿತು. ಆಗ ಆಕೆ ಸ್ಟಿಯರಿಂಗ್ ಹಿಡಿದೇ ಪಕ್ಕಕ್ಕೆ ಬಗ್ಗಿ ನೋಡಿದರು.

"ರೀ, ನಿಮ್ಮ ಬಲಗಾಲು ಎಲ್ಲಿದೆ?"

"ಎಲ್ಲಿರುತ್ತೆ? ಬ್ರೇಕಿನ ಮೇಲೆ ಒಂದಂಗುಲ ಎತ್ತರದಲ್ಲಿ."

"ಕಣ್ಣಲ್ಲಿ ನೋಡಿ ಹೇಳಿ."

ಮೇಷ್ಟ್ರು ಬಗ್ಗಿದರು. ಕಾಲು ಬ್ರೇಕಿನ ಮೇಲೆ, ಹೊರಡುವ ಸುಳಿವೇ ಕೊಡದ ನೆಂಟನ ಹಾಗೆ ಬಿದ್ದುಕೊಂಡಿತ್ತು. ಅದು ತಮ್ಮದೇ ಕಾಲು ಎಂದು ಬೂಟಿನ ಗುರುತಿನಿಂದ ತಿಳಿಯಿತು. ಗಾಬರಿಯಿಂದ ತಟ್ಟನೆ ಎತ್ತಿದರು.

ಎತ್ತಬಾರದಿತ್ತು. ಹೆಂಡತಿಯ ಕಾಲು ಇನ್ನೂ ಆಕ್ಸಿಲರೇಟರಿನ ಮೇಲಿತ್ತು!

ಕಾರು ಗ್ಯಾರೇಜಿನಿಂದ ಚಿಮ್ಮಿ ಹೊರಬಿತ್ತು. ಎದುರಿಗೆ ಆಳೆತ್ತರದ ಹಳೇ ಟೈರಿನ ರಾಶಿ. ಮೇಷ್ಟ್ರು ಇಪ್ಪತ್ತೆರಡು ವರ್ಷಗಳ ವಿದ್ಯೆಯನ್ನೆಲ್ಲ ಬಲಗಾಲಿಗೆ ಇಳಿಸಿ ಬ್ರೇಕ್ ಒತ್ತಿದರು. ಕಾರು ಕೇರ್ ಮಾಡಲಿಲ್ಲ. ಟೈರಿನ ರಾಶಿಗೆ ಮೆತ್ತಗೆ ಗುದ್ದಿ ನಿಂತಿತು. ಒಂದು ಟೈರು ಬಾನೆಟ್ಟಿನ ಮೇಲೆ ಬಿದ್ದು, ಎರಡು ಸುತ್ತು ತಿರುಗಿ ಮಲಗಿತು.

"ನೋಡಿದೆಯಾ? ಸಮಯಕ್ಕೆ ಬ್ರೇಕ್ ಹಾಕಿದೆ!" ಎಂದು ಮೇಷ್ಟ್ರು ಬೆವರು ಒರೆಸಿಕೊಂಡರು.

"ಬ್ರೇಕ್ ಹಾಕಿದ್ದು ನಾನು" ಎಂದರು ಹೆಂಡತಿ. "ನೀವು ಒತ್ತಿದ್ದು ಕಾಲೊರಸು."

ಮೇಷ್ಟ್ರು ಮತ್ತೊಮ್ಮೆ ಬಗ್ಗಿ ನೋಡಿದರು. ಬೂಟು ರಬ್ಬರಿನ ಕಾಲೊರಸನ್ನು ಇನ್ನೂ ಭದ್ರವಾಗಿ ಒತ್ತಿ ಹಿಡಿದಿತ್ತು. ಎದುರಿಗಿದ್ದದ್ದು ಟೈರಿನ ರಾಶಿಯಾಗಿದ್ದಕ್ಕೆ ಸರಿಹೋಯಿತು. ನಡೆದುಹೋಗುತ್ತಿದ್ದ ಆ ಅಜ್ಜಿಯಾಗಿದ್ದರೆ?

"ನಾಯಿ ಚಪ್ಪಲಿ ಕಚ್ಚಿಕೊಂಡು ಹೋಗಲಿಲ್ಲ" ಎಂದರು ಮೇಷ್ಟ್ರು, ಸಣ್ಣ ದನಿಯಲ್ಲಿ.

"ಗೊತ್ತು" ಎಂದರು ಹೆಂಡತಿ. "ನಮ್ಮ ಬೀದಿಯಲ್ಲಿ ನಾಯಿಯೇ ಇಲ್ಲ. ಇಳೀರಿ, ಡಾಕ್ಟರ ಹತ್ತಿರ ಹೋಗೋಣ."

ಡಾಕ್ಟರು ಮೇಷ್ಟ್ರನ್ನು ಮಲಗಿಸಿ, ಮೀಸೆಕೂದಲಿನಷ್ಟು ತೆಳುವಾದ ನೈಲಾನ್ ಎಳೆಯೊಂದನ್ನು ತೋರಿಸಿದರು. "ಕಣ್ಣು ಮುಚ್ಚಿ. ಇದು ಪಾದಕ್ಕೆ ತಾಗಿದಾಗೆಲ್ಲ ಹೂಂ ಅನ್ನಿ."

ಮೇಷ್ಟ್ರಿಗೆ ಇದೂ ಪಾಸಾಗಬೇಕಾದ ಪರೀಕ್ಷೆಯಂತೆ ಕಂಡಿತು. "ಹೂಂ" ಎಂದರು. "ಹೂಂ. ಹೂಂ. ಹೂಂ."

"ನಾನಿನ್ನೂ ಶುರು ಮಾಡಿಲ್ಲ" ಎಂದರು ಡಾಕ್ಟರು.

ರಕ್ತಪರೀಕ್ಷೆಯಲ್ಲಿ ಬಿ ಹನ್ನೆರಡು ವಿಟಮಿನ್ ತಳ ಕಂಡಿತ್ತು. ಸಕ್ಕರೆಯೂ ಗಡಿ ದಾಟಿ ಇಣುಕುತ್ತಿತ್ತು. "ಪಾದದ ನರಗಳು ಹಸಿದಿವೆ. ತಡವಾಗಿದೆ, ಆದರೆ ಕೈ ಮೀರಿಲ್ಲ" ಎಂದರು ಡಾಕ್ಟರು. ಇಂಜೆಕ್ಷನ್ ಬರೆದರು, ಉರಿಗೆ ಒಂದು ಮಾತ್ರೆ, ದಿನಾ ಅರ್ಧ ಗಂಟೆ ನಡಿಗೆ. ಗಾಯವಾದರೆ ಪಾದ ತಾನಾಗಿ ಹೇಳುವುದಿಲ್ಲವಾದ್ದರಿಂದ ಪ್ರತಿದಿನ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಬೇಕು. "ಕಾಲುಚೀಲ ಫ್ರೀಜರಿನಿಂದ ಇವತ್ತೇ ಹೊರಗೆ ಬರಲಿ. ಮರಗಟ್ಟಿದ ಚರ್ಮಕ್ಕೆ ಚಳಿ ಸುಟ್ಟರೂ ಗೊತ್ತಾಗಲ್ಲ. ನಾನು ಹೇಳೋವರೆಗೆ ಬ್ರೇಕಿನ ಸಹವಾಸವೂ ಬೇಡ."

ಶುಕ್ರವಾರ ಹೆಂಡತಿ ಒಂದೇ ಸಲಕ್ಕೆ ಪಾಸಾದರು. ಮೇಷ್ಟ್ರು ಆಫೀಸಿನ ಕುರ್ಚಿಯಲ್ಲಿ ಕೂತು, ತಾವೇ ಆಕೆಯ ಲೈಸೆನ್ಸಿನ ಅರ್ಜಿಗೆ ಫೋಟೊ ಅಂಟಿಸಿದರು.

ಮೂರು ತಿಂಗಳು ಫೋಟೊ ಅಂಟಿಸಿದರು. ಅಂಗಾಲು ನೋಡಿಕೊಂಡಷ್ಟು ಮುಖವನ್ನು ನೋಡಿಕೊಳ್ಳಲಿಲ್ಲ. ಮೊದಲು ಸಂಜೆಯ ಕೆಂಡ ಬೂದಿಯಾಯಿತು. ಆಮೇಲೆ ಹತ್ತಿಯ ದಿಂಬು ತೆಳ್ಳಗಾಗುತ್ತ ಬಂತು. ಒಂದು ಬೆಳಿಗ್ಗೆ ಬೂಟು ಹಾಕಿಕೊಂಡವರು "ಅಯ್ಯಯ್ಯೋ!" ಎಂದು ಚೀರಿದರು. ಹೆಂಡತಿ ಓಡಿಬಂದರು. ಬೂಟಿನೊಳಗೆ ಸಾಸಿವೆಯಷ್ಟು ಕಲ್ಲು.

"ಚುಚ್ತಾ ಇದೆ ಕಣೇ!" ಎಂದು ಮೇಷ್ಟ್ರು ಆನಂದಬಾಷ್ಪ ಸುರಿಸಿದರು. "ಎಷ್ಟು ಚೆನ್ನಾಗಿ ಚುಚ್ತಾ ಇದೆ!"

ಡಾಕ್ಟರು ಬ್ರೇಕಿಗೆ ಅಪ್ಪಣೆ ಕೊಟ್ಟರು. ಆ ಚೀಟಿ ಹಿಡಿದು ಮೇಷ್ಟ್ರು ಎದೆಯುಬ್ಬಿಸಿ ಮಾಲೀಕರ ಕೋಣೆಗೆ ಹೋದರು. ಮಾಲೀಕರು ಚೀಟಿ ಎರಡು ಸಲ ಓದಿದರು. ಮುಖ ಅರಳಲಿಲ್ಲ.

"ಮೇಷ್ಟ್ರೇ, ನಿಮ್ಮ ಶಿಷ್ಯರ ಫಲಿತಾಂಶ ತೆಗೆದು ನೋಡ್ತಾ ಇದ್ದೆ. ಇಪ್ಪತ್ತೊಂದೂವರೆ ವರ್ಷ ಹತ್ತಕ್ಕೆ ನಾಲ್ಕು ಜನ ಪಾಸು. ಕೊನೆಯ ಆರು ತಿಂಗಳು ಮಾತ್ರ ಹತ್ತಕ್ಕೆ ಒಂಬತ್ತು."

"ಕೊನೆಯ ಆರು ತಿಂಗಳಾ?" ಮೇಷ್ಟ್ರ ದನಿ ಇಳಿಯಿತು. "ಆಗ ನನ್ನ ಕಾಲಿಗೆ ಸ್ಪರ್ಶವೇ ಇರಲಿಲ್ಲ, ಸಾರ್."

"ಅದೇ ನೋಡಿ. ನಿಮ್ಮ ಶಿಷ್ಯರನ್ನ ಕರೆಸಿ ಕೇಳಿದೆ. ಮೊದಲು ಎಲೆ ಉದುರಿದರೂ ನೀವು ಧಡಕ್ಕನೆ ಬ್ರೇಕ್ ಒತ್ತುತ್ತಾ ಇದ್ದಿರಂತೆ, ಅವರ ಜೀವ ಬಾಯಿಗೆ ಬರ್ತಿತ್ತಂತೆ. ಆಮೇಲೆ ಧಡಕ್ ನಿಂತೇ ಹೋಯ್ತಂತೆ. ಕಾರು ನಿಧಾನಕ್ಕೆ ತೆವಳ್ತಿತ್ತು, ಅವರು ನೆಮ್ಮದಿಯಾಗಿ ಕಲಿತರು." ಮಾಲೀಕರು ಚೀಟಿಯನ್ನು ಮೇಜಿನ ಮೇಲಿಟ್ಟು, ಆಸೆಯಿಂದ ಮೇಷ್ಟ್ರ ಪಾದವನ್ನೇ ನೋಡಿದರು. "ಪೂರ್ತಿ ವಾಸಿಯಾಗಿಬಿಟ್ಟಿದೆಯಾ? ಎಲ್ಲಾದರೂ... ಒಂದಿಷ್ಟಾದರೂ ಮರಗಟ್ಟಿರೋದು ಉಳಿದಿಲ್ವಾ?"

ಮೇಷ್ಟ್ರು ಬೂಟಿನೊಳಗೆ ಒಂದೊಂದೇ ಬೆರಳನ್ನು ಆಡಿಸಿ ನೋಡಿದರು. ಸೀಟಿನ ಪ್ರಶ್ನೆ!

"ಇದೆ ಸಾರ್" ಎಂದರು, ಎರಡೂ ಕೈ ಜೋಡಿಸಿ. "ಕಿರುಬೆರಳು ಇನ್ನೂ ಎದ್ದಿಲ್ಲ."

"ಹಾಗಾದರೆ ಸೋಮವಾರದಿಂದ ಬನ್ನಿ" ಎಂದರು ಮಾಲೀಕರು. "ಬ್ರೇಕನ್ನ ಅದರಲ್ಲೇ ಒತ್ತಿ."