ಅಣ್ಣನ ಮಗಳ ಕೂದಲಿಂಗ್ಲಿಷು

ಬೇರೆಯವರ ತಲೆಯ ಮೇಲೆ ಏನಿದೆ ಎಂದು ನೋಡುವುದು ಕೆಟ್ಟ ಚಾಳಿ ಎನ್ನುತ್ತಾರೆ. ನಾನು ನೋಡಲು ಹೋದದ್ದಿಲ್ಲ. ಸಾಗರದ ನಮ್ಮ ಬೀದಿಯಲ್ಲಿ ತಲೆಗಳೇ ಜಗಲಿಯ ಮುಂದೆ ಹಾದುಹೋಗುತ್ತಿದ್ದವು. ಹದಿನೆಂಟಕ್ಕೆ ಗಂಡ ಹೋಗಿ, ತಲೆ ಬೋಳಿಸಿಕೊಂಡು ಅಣ್ಣನ ಮನೆ ಸೇರಿದವಳು ನಾನು. ಕೂದಲಿಲ್ಲದವಳಿಗೆ ಕೂದಲಿದ್ದವರ ಸುದ್ದಿ ತುಸು ಹೆಚ್ಚೇ ರುಚಿಸುತ್ತದೆ. ಈಗ ಹೇಳುವುದು ಗಂಡಸರು ಜುಟ್ಟು ಬಿಟ್ಟು ಕ್ರಾಪಿಗೆ ತಿರುಗುತ್ತಿದ್ದ ಕಾಲದ್ದು. ಅಣ್ಣನ ಮಗಳಿಗೆ ಗಂಡು ಹುಡುಕಿದ ವರ್ಷದ್ದು.

೧. ಹತ್ತು ವಾಕ್ಯ

ಅಣ್ಣ ಕಚೇರಿಯಲ್ಲಿ ಗುಮಾಸ್ತ, ಕೆಲಸವೆಲ್ಲ ಕನ್ನಡದಲ್ಲಿ. ಮೇಲಿನವರ ಇಂಗ್ಲಿಷಿಗೆ ಹೆದರಿ ಹೆದರಿ ಸಾಕಾಗಿ, ಮಗಳನ್ನಾದರೂ ಮಿಡ್ಲ್ ಸ್ಕೂಲಿಗೆ ಕಳಿಸಿ ಓದಿಸಿದ. ಅಲ್ಲಿಯ ಮೇಷ್ಟ್ರು ಒಂದು ದಿನ, "ಮನೆಯವರ ತಲೆಗೂದಲನ್ನು ವರ್ಣಿಸಿ ಇಂಗ್ಲಿಷಿನಲ್ಲಿ ಹತ್ತು ವಾಕ್ಯ ಬರೆದು ತನ್ನಿ" ಎಂದರಂತೆ. ಹುಡುಗಿ ಪುಸ್ತಕ ಹಿಡಿದು ಎಲ್ಲರ ಬೆನ್ನ ಹಿಂದೆ ಸುತ್ತಿದಳು. ಅಪ್ಪನ ಜುಟ್ಟಿಗೆ ಸಣ್ಣ ಬಾಲ ಎಂದು ಬರೆದಳು. ಅಮ್ಮನ ತುರುಬು ನಿಂಬೆಹಣ್ಣಿನ ಗಾತ್ರ ಎಂದು ಬರೆದು, ಅರ್ಥವನ್ನೂ ಹೇಳಿ, ಅಮ್ಮನಿಂದ ಎರಡು ತಿಂದಳು.

"ನನ್ನ ತಲೆಗೆ ಎಂತ ಬರೆದೆ?" ಎಂದು ನಾನು ಕೇಳಿದೆ.

ನನ್ನ ಸೆರಗಿನ ಅಂಚು ಸರಿಸಿ ನೋಡಿದಳು. "ನಿಮಗೆ ವಾಕ್ಯ ಬೇಡ ಅತ್ತೆ. ಕೊನೆಯಲ್ಲಿ ಫುಲ್‌ಸ್ಟಾಪ್ ಇಟ್ಟಿದ್ದೇನೆ."

೨. ಅಮಲ್ದಾರ್ ಕಟ್ಟು

ಅವಳಿಗೆ ಹದಿನಾರು ತುಂಬಿದಾಗ ಆನಂದಪುರದಿಂದ ಮೊದಲ ಗಂಡು ಬಂತು. ಆಗ ನಮ್ಮ ಪೇಟೆಯ ಕ್ಷೌರದಂಗಡಿಯವನು, ಕ್ರಾಪುಗಳ ಇಂಗ್ಲಿಷ್ ಹೆಸರು ಬಾಯಿಗೆ ತಿರುಗದೆ, ಊರ ದೊಡ್ಡವರ ತಲೆ ನೋಡಿ ತಾನೇ ಹೆಸರಿಟ್ಟಿದ್ದ. ಡಾಕ್ಟರ್ ಕಟ್ಟು, ಪೊಲೀಸ್ ಕಟ್ಟು, ಅಮಲ್ದಾರ್ ಕಟ್ಟು. ಎಲ್ಲಕ್ಕಿಂತ ಷೋಕಿಯದು ಅಮಲ್ದಾರ್ ಕಟ್ಟು: ಪಕ್ಕಕ್ಕೆ ಬೈತಲೆ, ಹಣೆಯ ಮೇಲೊಂದು ಅಲೆ. ಹುಡುಗ ಹೆಣ್ಣು ನೋಡುವ ದಿನ ಬೆಳಿಗ್ಗೆ ಅಲ್ಲಿ ಕೂತು ಅದನ್ನೇ ಕೇಳಿ, ಸುಖವಾಗಿ ಕಣ್ಣು ಮುಚ್ಚಿದ.

ಹಿಂದಿನ ವಾರವೇ ಅಮಲ್ದಾರರಿಗೆ ವರ್ಗವಾಗಿತ್ತು. ಹೊಸಬರ ತಲೆ ಬೆಳಗಿಟ್ಟ ತಂಬಿಗೆ. ಅಂಗಡಿಯವನು ಸರ್ಕಾರದ ಬದಲಾವಣೆಗೆ ತಲೆಬಾಗುವ ಮನುಷ್ಯ.

ಹುಡುಗ ನುಣ್ಣಗಿನ ತಲೆ ಹೊತ್ತು ಬಂದು ಚಾಪೆಯ ಮೇಲೆ ಕೂತ. ನಮ್ಮಲ್ಲಿ ಗಂಡಸರು ಅಪ್ಪನೋ ಅಮ್ಮನೋ ಸತ್ತರೆ ಮಾತ್ರ ಹಾಗೆ ತೆಗೆಸುವುದು. ಅಣ್ಣ ಗಾಬರಿಯಾಗಿ ಬೆಲ್ಲ ನೀರು ದೂರದಲ್ಲೇ ಇಟ್ಟು, "ಸೂತಕ ಕಳೀದೇ ಹೆಣ್ಣು ನೋಡೋಕೆ ಬಂದ್ರಾ? ತೀರಿಕೊಂಡದ್ದು ತಂದೆಯವರೋ?" ಎಂದ.

ಪಕ್ಕದಲ್ಲಿದ್ದ ಹಿರಿಯರು, "ತಂದೆ ನಾನೇ" ಎಂದರು.

೩. ನಿಟ್ಟೂರಿನ ತುರುಬು

ಎರಡನೆಯವರು ನಿಟ್ಟೂರಿನವರು. ಗಂಡಿನ ತಾಯಿ ಹುಡುಗಿಯ ಜಡೆ ಬಿಚ್ಚಿಸಿ, ಎಳೆದು, ಮೊಳ ಹಾಕಿದರು. ಒಳಗೆ ಚೌರಿ ಸೇರಿಸಿ ಉದ್ದ ಮಾಡಿದ್ದಾರೋ ಎಂಬ ಪರೀಕ್ಷೆ. ಅದೇನೂ ಹೊಸದಲ್ಲ, ವಾಡಿಕೆಯೇ. ಹುಡುಗಿ ಅವರ ತಲೆಯನ್ನೇ ನೋಡುತ್ತ ಇಂಗ್ಲಿಷಿನಲ್ಲಿ ಏನೋ ಅಂದಳು.

"ಎಂತ ಅಂದೆ ಮಗಾ?"

"ನಿಮ್ಮ ತುರುಬಿನ ಹೊರಗೆ ಬಿಳಿ, ಒಳಗೆ ಕಪ್ಪು. ಎರಡು ಮನೆಯ ಕೂದಲು ಅಂದೆ."

ಅವರು ಅವಲಕ್ಕಿ ಮುಟ್ಟದೆ ಎದ್ದರು. ಅವರ ಗಾಡಿ ಹೊಸನಗರ ತಲುಪುವ ಮೊದಲೇ ನಮ್ಮ ಹುಡುಗಿ ಬಾಯಾಳಿ ಎಂಬ ಸುದ್ದಿ ತಲುಪಿತ್ತು. ಹೇಗೆಂದು ನನ್ನನ್ನು ಕೇಳಬೇಡಿ. ನಾನು ನಾಲ್ಕು ಮನೆಗೆ ಮಾತ್ರ ಹೇಳಿದ್ದೆ.

ಅಣ್ಣ ಆ ದಿನ ಊಟ ಬಿಟ್ಟ. "ಇನ್ನೊಂದೇ ಸಂಬಂಧ ನೋಡ್ತೀನಿ. ಅದೂ ತಪ್ಪಿದ್ರೆ ಹೊಸನಗರದಲ್ಲಿ ಇಬ್ಬರು ಹೆಂಡಿರನ್ನು ಕಳಕೊಂಡ ಮುದುಕರೊಬ್ಬರು ಕೇಳ್ತಾ ಇದಾರೆ, ಅವರಿಗೇ ಧಾರೆ ಎರೆದುಬಿಡ್ತೀನಿ" ಎಂದ. ಆ ಮುದುಕರ ಕೂದಲಿನ ಬಗ್ಗೆ ಹುಡುಗಿ ಯಾವ ಭಾಷೆಯಲ್ಲೂ ತುಟಿ ಬಿಚ್ಚಲಿಲ್ಲ.

೪. ಇಂಗ್ಲಿಷ್ ಸ್ತೋತ್ರ

ಮೂರನೆಯ ಗಂಡು ತೀರ್ಥಹಳ್ಳಿಯಲ್ಲಿ ಇಂಗ್ಲಿಷ್ ಮೇಷ್ಟ್ರು. ಜೊತೆಗೆ ಅವನ ಅಪ್ಪ, ಅಜ್ಜ. ಮನೆಯ ಯಜಮಾನಿಕೆ ಅಜ್ಜನದು. ಕ್ರಾಪು ಹೊಡೆಸಿದವನಿಗೆ ಪಂಕ್ತಿಯಲ್ಲಿ ಎಲೆ ಹಾಕಬಾರದು ಎನ್ನುವಂಥ ಅಜ್ಜ. ಮೊಮ್ಮಗ ರುಮಾಲು ಸುತ್ತಿದ್ದ, ಹಿಂದೆ ಜುಟ್ಟಿನ ತುದಿ ಇಣುಕುತ್ತಿತ್ತು.

ಎಲ್ಲ ಸರಿಯಾಗಿಯೇ ನಡೆಯಿತು. ಏಳುವ ಹೊತ್ತಿಗೆ ಅಜ್ಜ, "ಇಂಗ್ಲಿಷ್ ಕಲಿತಿದ್ದೀಯಂತೆ. ನಾಲ್ಕು ಮಾತು ಹೇಳು, ಕೇಳೋಣ" ಎಂದರು. ಅವಳಿಗೆ ತಡವರಿಸದೆ ಬರುತ್ತಿದ್ದದ್ದು ಒಂದೇ ಪಾಠ. ಅಜ್ಜನಿಂದ ಶುರುಮಾಡಿ ಸಾಲಾಗಿ ಹೇಳಿಕೊಂಡು ಹೋದಳು. ಅರ್ಥವನ್ನು ಆಮೇಲೆ ನನಗೆ ಹೇಳಿದಳು: ಅಜ್ಜನ ಜುಟ್ಟು ಸವೆದ ಕಸಬರಿಗೆ. ಮಗನಿಗೆ ತಲೆಗಿಂತ ಕಿವಿಯಲ್ಲೇ ಕೂದಲು ಹೆಚ್ಚು. ಮೊಮ್ಮಗನ ಜುಟ್ಟು ರುಮಾಲಿಗೆ ಹೊಲಿದದ್ದು, ಒಳಗಿರುವುದು ಕ್ರಾಪು.

ಇಂಗ್ಲಿಷ್ ತಿಳಿದಿದ್ದವನು ಗಂಡು ಒಬ್ಬನೇ. ಅವನ ಕಿವಿ ಕೆಂಪಾಯಿತು.

"ಎಂತ ಹೇಳ್ತಾ ಇದೆ ಕೂಸು?" ಎಂದು ಅಜ್ಜ ಅವನನ್ನೇ ಕೇಳಿದರು.

ಅವನು ರುಮಾಲನ್ನು ಒತ್ತಿ ಹಿಡಿದುಕೊಂಡ. "ದೇವರ ಸ್ತೋತ್ರ ಅಜ್ಜಯ್ಯ. ಮುಡಿಯಿಂದ ಅಡಿಯವರೆಗೆ ವರ್ಣನೆ."

"ಕೇಶಾದಿಪಾದ" ಎಂದು ಅಜ್ಜ ಕೈಮುಗಿದರು. ಅವರನ್ನು ನೋಡಿ ಅಣ್ಣ ಮುಗಿದ, ನಾನೂ ಮುಗಿದೆ. "ಇನ್ನೊಮ್ಮೆ ಹೇಳು ಮಗಾ" ಎಂದರು. ಹೇಳಿದಳು.

ಮದುವೆ ಅಲ್ಲೇ ನಿಶ್ಚಯವಾಯಿತು. ಅವಸರ ಮಾಡಿದ್ದು ಗಂಡೇ. ಅಷ್ಟು ತಿಳಿದವಳನ್ನು ಬೇರೆ ಮನೆಗೆ ಹೋಗಲು ಬಿಡುವ ಧೈರ್ಯ ಯಾರಿಗಿದೆ?

ಮದುವೆಯ ದಿನ ತುಂಬಿದ ಚಪ್ಪರದಲ್ಲಿ ಅಜ್ಜ, "ಮೊದಲು ಕೂಸು ಇಂಗ್ಲಿಷ್ ಸ್ತೋತ್ರ ಹೇಳಲಿ, ಆಮೇಲೆ ಧಾರೆ" ಎಂದುಬಿಟ್ಟರು. ಮುಂದಿನ ಸಾಲಿನಲ್ಲಿ ಶಾಲಾ ಇನ್‌ಸ್ಪೆಕ್ಟರು ಕೂತಿದ್ದರು. ಗಂಡಿನ ಮೇಲಧಿಕಾರಿ, ಇಂಗ್ಲಿಷನ್ನು ಅರೆದು ಕುಡಿದವರು. ಅವರು ಅರ್ಥ ಬಿಡಿಸಿದರೆ ಅಲ್ಲಿಗೆ ಮದುವೆ ಮುರಿದಂತೆ. ಅರ್ಥ ನನ್ನಿಂದ ಮೊದಲೇ ತಿಳಿದಿದ್ದ ಅಣ್ಣ ಚಪ್ಪರದ ಕಂಬ ಹಿಡಿದುಕೊಂಡ. ಹೊಸನಗರದ ಮುದುಕರು ಅವನ ಕಣ್ಣಿಗೆ ಕಟ್ಟಿರಬೇಕು.

ಹುಡುಗಿ ಶುರುಮಾಡಿದಳು. ಅಜ್ಜನ ಜುಟ್ಟು ಬಂತು, ಮಾವನ ಕಿವಿ ಬಂತು. ಗಂಡನ ಕ್ರಾಪನ್ನು ಮಾತ್ರ ಹಾರಿಸಿದಳು, ಆಗಲೇ ಹೆಂಡತಿಯ ಬುದ್ಧಿ ಬಂದಿತ್ತು. ಇನ್‌ಸ್ಪೆಕ್ಟರ ಹುಬ್ಬು ಮೇಲೇರಿತು, ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹುಡುಗಿಯ ಕಣ್ಣು ಸಾಲಿನಲ್ಲಿ ಮುಂದಕ್ಕೆ ಸರಿದು, ಅವರ ತಲೆಯ ಮೇಲೆ ಬಂದು ನಿಂತಿತು. ಎಡಗಿವಿಯ ಮೇಲಿನ ನಾಲ್ಕೆಳೆಗೆ ಎಣ್ಣೆ ಹಚ್ಚಿ ಬಲಗಿವಿಯವರೆಗೆ ಎಳೆದು ಕೂರಿಸಿದ ಕ್ರಾಪು ಅವರದು.

ಇನ್‌ಸ್ಪೆಕ್ಟರು ಎದ್ದು ನಿಂತು ಕೈಮುಗಿದರು.

"ಇಷ್ಟು ಸಾಕು ತಾಯಿ" ಎಂದರು. "ಇದರ ಮುಂದಿನ ಭಾಗವನ್ನು ಮಡಿಯಲ್ಲೇ ಹೇಳಬೇಕು."